ಮನೆ ವೈಫೈ ಬಿಟ್ಟು ಗೇಟ್ ದಾಟಿದರೆ ಮೀಟಿಂಗ್ ಕಟ್. ದೋಷ ಫೋನಿನದಾ, ಸಿಮ್ಮಿನದಾ, ಆಪ್‌ನದಾ?

ಡೊಂಬಿವಲಿ_ಲೋಕಲ್
ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಆಫೀಸಿನ ವಿಡಿಯೊ ಮೀಟಿಂಗ್ ಮನೆಯಲ್ಲೇ ಶುರುವಾಗುತ್ತದೆ. ಅದು ಮುಗಿಯುವ ತನಕ ಕೂತರೆ ಫಾಸ್ಟ್ ಲೋಕಲ್ ಹೋಗಿಬಿಡುತ್ತದೆ. ಅದಕ್ಕೇ ಇಯರ್‌ಫೋನ್ ಹಾಕಿಕೊಂಡು ಮಾತಾಡುತ್ತಲೇ ಹೊರಡುತ್ತೇನೆ. ಸೊಸೈಟಿ ಗೇಟ್ ಹತ್ತಿರ ಬಂದಾಗ ಮಾತು ನಿಲ್ಲುತ್ತದೆ. ಫೋನಿನಲ್ಲಿ ವೈಫೈ ಗುರುತು ಮಾತ್ರ ಹಾಗೇ ಇರುತ್ತದೆ. ಸ್ವಲ್ಪ ಹೊತ್ತಿಗೆ 5ಜಿ ಬರುತ್ತದೆ. ಅಷ್ಟರಲ್ಲಿ ಮೀಟಿಂಗ್ ನನ್ನನ್ನು ಹೊರಗೆ ಹಾಕಿರುತ್ತದೆ.

ಪುಣೆ ಆಫೀಸಿಗೆ ಹೋಗುವ ದಿನ ಇನ್ನೊಂದು ಕಾಟ. ರೈಲಿನಲ್ಲಿ ಲ್ಯಾಪ್‌ಟಾಪ್ ತೆರೆದು ಫೋನ್ ಹಾಟ್‌ಸ್ಪಾಟ್ ಮೇಲೆ ವಿಪಿಎನ್ (ಆಫೀಸಿನ ನೆಟ್‌ವರ್ಕ್‌ಗೆ ಹೋಗುವ ಗೂಢಲಿಪಿಯ ಸುರಂಗ) ಹಾಕುತ್ತೇನೆ. ಕರ್ಜತ್ ದಾಟಿದ ಮೇಲೆ ಹೋಗುತ್ತದೆ. ಮತ್ತೆ ಪಾಸ್‌ವರ್ಡ್, ಮತ್ತೆ ಓಟಿಪಿ. ಓಟಿಪಿ ಬರಲೂ ಸಿಗ್ನಲ್ ಬೇಕಲ್ವಾ?

ಅಂಗಡಿಯವನು ಸಿಮ್ ಬದಲಿಸಿ ಅಂತಾನೆ. ಆಫೀಸಿನ ಐಟಿಯವರು ಫೋನ್ ಬದಲಿಸಿ ಅಂತಾರೆ. ಇಂಟರ್ನೆಟ್‌ನವರು ರೂಟರ್ ಬದಲಿಸಿ ಅಂತಾರೆ. ಮೂರೂ ಬದಲಿಸುವಷ್ಟು ದುಡ್ಡಿಲ್ಲ. ನಿಜವಾದ ಕಾರಣ ಏನು ಅಂತ ಗೊತ್ತಿರುವವರು ಹೇಳಿ.

ಸಾಯನ್_ಶೆಟ್ರು
ಸಿಮ್ ಬದಲಿಸಿ ಮಾರಾಯ್ರೇ. ನಂಬರ್ ಅದೇ ಇರುತ್ತದೆ, ಪೋರ್ಟ್ ಮಾಡಿದರೆ ಆಯ್ತು.

ಮುಲುಂಡ್_ಮೂಡಬಿದ್ರಿ
ಮನೆ ಬಾಗಿಲು ದಾಟುವ ಮುಂಚೆ ವೈಫೈ ಆಫ್ ಮಾಡಿ, ಆಮೇಲೆ ಮೀಟಿಂಗ್ ಸೇರಿ. ನಾನು ಹಾಗೇ ಮಾಡುವುದು. ಕಥೆ ಮುಗಿಯಿತು.

ಹಿಂಜೆವಾಡಿ_ಬೆಳಗಾವಿ
ಸಿಮ್ ಬದಲಿಸಿದರೆ ಏನೂ ಆಗುವುದಿಲ್ಲ ರೀ. ಸಮಸ್ಯೆ ಸಿಗ್ನಲ್‌ನದಲ್ಲ, ವಿಳಾಸದ್ದು.

ಮನೆ ವೈಫೈಯಲ್ಲಿ ಇದ್ದಾಗ ನಿಮ್ಮ ಫೋನಿಗೆ ಒಂದು ಐಪಿ ವಿಳಾಸ, ಅಂದರೆ ಇಂಟರ್ನೆಟ್‌ನಲ್ಲಿ ಅದನ್ನು ಹುಡುಕುವ ಸಂಖ್ಯೆ. ಮೊಬೈಲ್ ಡೇಟಾಗೆ ಬಂದಾಗ ಬೇರೆ ವಿಳಾಸ. ಇಂಟರ್ನೆಟ್‌ನಲ್ಲಿ ಬಹಳಷ್ಟು ಕೆಲಸ ನಡೆಯುವುದು ಟಿಸಿಪಿ ಮೇಲೆ, ಅಂದರೆ ಕಳಿಸಿದ್ದು ಮುಟ್ಟಿತಾ ಅಂತ ಖಾತ್ರಿ ಮಾಡಿಕೊಳ್ಳುವ ಸಂವಹನ ನಿಯಮದ ಮೇಲೆ. ಟಿಸಿಪಿ ಒಂದು ಸಂಪರ್ಕವನ್ನು ನಾಲ್ಕು ಸಂಗತಿಯಿಂದ ಗುರುತಿಸುತ್ತದೆ. ನಿಮ್ಮ ವಿಳಾಸ, ನಿಮ್ಮ ಪೋರ್ಟ್ (ಶೆಟ್ರು ಹೇಳಿದ ಪೋರ್ಟ್ ಅಲ್ಲ, ಯಾವ ಆಪ್‌ನ ಮಾತು ಅಂತ ತಿಳಿಸುವ ಸಂಖ್ಯೆ), ಆ ಕಡೆಯ ವಿಳಾಸ, ಆ ಕಡೆಯ ಪೋರ್ಟ್. ಇದರಲ್ಲಿ ಒಂದು ಬದಲಾದರೂ ಆ ಕಡೆಯ ಸರ್ವರ್‌ಗೆ ನೀವು ಹೊಸ ಮನುಷ್ಯರು. ಹಳೇ ಸಂಪರ್ಕ ಅಲ್ಲೇ ಸಾಯುತ್ತದೆ. ಟಿಸಿಪಿ ಮಾನದಂಡ 1981ರದು. ಆಗ ಕಂಪ್ಯೂಟರ್ ಕೋಣೆಯಿಂದ ಕೋಣೆಗೆ ಹೋಗುತ್ತಿರಲಿಲ್ಲ.

ಅಂದರೆ 5ಜಿ ಎಷ್ಟೇ ಚೆನ್ನಾಗಿರಲಿ, ವೈಫೈ ಎಷ್ಟೇ ಚೆನ್ನಾಗಿರಲಿ, ಮಧ್ಯದ ದಾಟುವಿಕೆಯನ್ನು ಆಪ್ ನಿಭಾಯಿಸಬೇಕು. ನಿಭಾಯಿಸದಿದ್ದರೆ ನೀವು ಹೊರಗೆ.

ಸಾಯನ್_ಶೆಟ್ರು
ಹಾಗಾದರೆ ಲೋಕಲ್‌ನಲ್ಲಿ ದಾದರ್‌ನಿಂದ ಠಾಣೆ ತನಕ ಎಷ್ಟೋ ಟವರ್ ದಾಟುತ್ತೇವೆ. ಯೂಟ್ಯೂಬ್ ನಿಲ್ಲುವುದಿಲ್ಲವಲ್ಲ? ಅಲ್ಲಿ ವಿಳಾಸ ಬದಲಾಗುವುದಿಲ್ವಾ?

ಠಾಣೆ_ಟವರ್
ಶೆಟ್ರೇ, ಒಳ್ಳೆಯ ಪ್ರಶ್ನೆ. ಬದಲಾಗುವುದಿಲ್ಲ. ನಾನು ನೆಟ್‌ವರ್ಕ್ ಡ್ರೈವ್ ಟೆಸ್ಟ್ (ಗಾಡಿಯಲ್ಲಿ ಸುತ್ತಿ ಸಿಗ್ನಲ್ ಅಳೆಯುವ) ಕೆಲಸದಲ್ಲಿದ್ದೇನೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದೇ ಆಪರೇಟರ್‌ನ ಟವರ್‌ಗಳ ನಡುವೆ ಹೋಗುವುದಕ್ಕೆ ಹ್ಯಾಂಡೋವರ್ ಅಂತಾರೆ. ಅಲ್ಲಿ ಯಜಮಾನಿಕೆ ನೆಟ್‌ವರ್ಕ್‌ದು. ಫೋನು ಸುತ್ತಲಿನ ಟವರ್‌ಗಳ ಬಲ ಅಳೆದು ವರದಿ ಕಳಿಸುತ್ತದೆ, ಅಷ್ಟೇ. ಪಕ್ಕದ ಟವರ್‌ನ ಸಿಗ್ನಲ್ ಈಗಿನದಕ್ಕಿಂತ ಕೆಲವು ಡೆಸಿಬೆಲ್ ಜಾಸ್ತಿ ಇದ್ದು, ಆ ವ್ಯತ್ಯಾಸ ನಿಗದಿಯಾದ ಕೆಲವು ನೂರು ಮಿಲಿಸೆಕೆಂಡ್ ಹಾಗೇ ಉಳಿದರೆ ಸಾಮಾನ್ಯವಾಗಿ ವರದಿ ಹೋಗುತ್ತದೆ. ನೆಟ್‌ವರ್ಕ್ ಮುಂದಿನ ಟವರ್‌ನಲ್ಲಿ ಮೊದಲೇ ಜಾಗ ಸಿದ್ಧ ಮಾಡಿ 'ಈಗ ಹೋಗು' ಅನ್ನುತ್ತದೆ. 4ಜಿಯಲ್ಲಿ ಮಾತು ತುಂಡಾಗುವುದು ಕೆಲವು ಹತ್ತು ಮಿಲಿಸೆಕೆಂಡ್ ಮಾತ್ರ. ಕಿವಿಗೆ ಗೊತ್ತೇ ಆಗುವುದಿಲ್ಲ. ಐಪಿ ವಿಳಾಸ ಟವರ್‌ನಲ್ಲಿ ಇರುವುದಿಲ್ಲ, ಹಿಂದೆ ಆಪರೇಟರ್‌ನ ಕೋರ್ ನೆಟ್‌ವರ್ಕ್‌ನಲ್ಲಿರುವ ಗೇಟ್‌ವೇಯಲ್ಲಿ, ಅಂದರೆ ಇಂಟರ್ನೆಟ್‌ಗೆ ಹೋಗುವ ಬಾಗಿಲಲ್ಲಿ ಇರುತ್ತದೆ. ಟವರ್ ಬದಲಾದರೂ ಗೇಟ್‌ವೇ ಅದೇ.

ವೈಫೈಯಲ್ಲಿ ಇದು ತಿರುವುಮುರುವು. ಯಾವಾಗ ಬಿಡಬೇಕು ಅಂತ ಫೋನೇ ನಿರ್ಧರಿಸುತ್ತದೆ. ನಿಮ್ಮ ಮನೆ ರೂಟರ್‌ಗೂ ಆಪರೇಟರ್‌ಗೂ ಮಾತುಕತೆಯೇ ಇಲ್ಲ. ಯಾರೂ ಮುಂದಿನ ಜಾಗ ಸಿದ್ಧ ಮಾಡಿ ಇಡುವುದಿಲ್ಲ. ಡೊಂಬಿವಲಿ ಅಕ್ಕನ ಗೇಟ್ ಹತ್ತಿರ ಆಗುವುದು ಇದೇ.

ಡೊಂಬಿವಲಿ_ಲೋಕಲ್
ಇದು ಅರ್ಥ ಆಯಿತು, ಥ್ಯಾಂಕ್ಸ್. ಆದರೆ ವೈಫೈ ಗುರುತು ಯಾಕೆ ಹಾಗೇ ಇರುತ್ತದೆ? ಗುರುತು ಇದೆ ಅಂದರೆ ಸಂಪರ್ಕ ಇದೆ ಅಂತ ಅಲ್ವಾ? ಮತ್ತೆ ಅದೇ ಗೇಟ್‌ನಲ್ಲಿ ಅಮ್ಮನ ಜೊತೆ ಮಾಮೂಲಿ ಫೋನ್ ಕಾಲ್‌ನಲ್ಲಿದ್ದರೆ ಒಮ್ಮೆಯೂ ಕಟ್ ಆಗಿಲ್ಲ. ಅದೂ ಮನೆಯೊಳಗೆ ವೈಫೈ ಕಾಲಿಂಗ್ ಅಂತ ತೋರಿಸುತ್ತಿರುತ್ತದೆ.

ಠಾಣೆ_ಟವರ್
ಎರಡೂ ಹೇಳುತ್ತೇನೆ.

ಮೊದಲು ಗುರುತು. ರೂಟರ್ 'ನಾನು ಇಲ್ಲಿದ್ದೇನೆ' ಅಂತ ಸೆಕೆಂಡಿಗೆ ಸುಮಾರು ಹತ್ತು ಸಲ ಬೀಕನ್ ಕಳಿಸುತ್ತದೆ. ಬೀಕನ್ ಹೋಗುವುದು ಅತಿ ಕಡಿಮೆ ವೇಗದಲ್ಲಿ, ಹಾಗಾಗಿ ಬಹಳ ದೂರ ಕೇಳುತ್ತದೆ. ನಿಮ್ಮ ವಿಡಿಯೊ ಅಷ್ಟು ದೂರ ಹೋಗುವುದಿಲ್ಲ. ಇನ್ನೊಂದು ವಿಷಯ: ರೂಟರ್‌ನ ದನಿ ಜೋರು, ಫೋನಿನ ದನಿ ಮೆಲು. ಫೋನಿಗೆ ರೂಟರ್ ಕೇಳಿಸುತ್ತಿರುತ್ತದೆ, ರೂಟರ್‌ಗೆ ಫೋನು ಕೇಳಿಸುವುದೇ ಇಲ್ಲ. ಗುರುತು ಇದ್ದೂ ಮಾತು ಹೋಗದಿರುವುದಕ್ಕೆ ಇದೇ ಕಾರಣ.

ಎರಡನೆಯದು ವೈಫೈ ಕಾಲಿಂಗ್. ಭಾರತದಲ್ಲಿ ಏರ್‌ಟೆಲ್ ಇದನ್ನು 2019ರ ಡಿಸೆಂಬರ್‌ನಲ್ಲಿ ಶುರು ಮಾಡಿತು, ಜಿಯೊ 2020ರ ಜನವರಿಯಲ್ಲಿ. ಫೋನು ನಿಮ್ಮ ವೈಫೈ ಮೂಲಕ ಆಪರೇಟರ್‌ನ ಒಂದು ಗೇಟ್‌ವೇಗೆ ಗೂಢಲಿಪಿಯ ಸುರಂಗ ಹಾಕುತ್ತದೆ. ಆ ಸುರಂಗದ ಒಳಗೆ ಕಾಲ್‌ಗೆ ಸಿಗುವ ಐಪಿ ವಿಳಾಸ ಆಪರೇಟರ್ ಕೊಟ್ಟದ್ದು. ನೀವು ಹೊರಗೆ ಬಂದು 4ಜಿಗೆ ಸೇರಿದಾಗ ಅದೇ ವಿಳಾಸವನ್ನು ಅದೇ ಗೇಟ್‌ವೇ ಮುಂದುವರಿಸುತ್ತದೆ. ಹಾಗಾಗಿ ಅಮ್ಮನ ಕಾಲ್ ಉಳಿಯುತ್ತದೆ. ಮೀಟಿಂಗ್ ಆಪ್‌ಗೆ ಈ ಅನುಕೂಲ ಇಲ್ಲ.

ಮುಲುಂಡ್_ಮೂಡಬಿದ್ರಿ
ನಾನು ಹೇಳಿದ್ದೂ ಅದೇ ತಾನೇ. ವೈಫೈ ಆಫ್ ಮಾಡಿ ಅಂತ.

ಹಿಂಜೆವಾಡಿ_ಬೆಳಗಾವಿ
ಅಣ್ಣ, ಅದು ಪರಿಹಾರ ಅಲ್ಲ, ಅದು ಹೊಂದಿಕೊಳ್ಳುವುದು. ಕೋಟಿಗಟ್ಟಲೆ ಜನ ದಿನಾ ಬಾಗಿಲು ದಾಟುತ್ತಾರೆ. ಅಷ್ಟೂ ಜನ ಕೈಯಿಂದ ಸ್ವಿಚ್ ಒತ್ತಬೇಕಾ? ಒತ್ತಲು ಮರೆತರೆ ಇಂಟರ್‌ವ್ಯೂ ಮಧ್ಯೆ ಹೊರಗೆ ಬಿದ್ದವರ ಗತಿ?

ಮುಲುಂಡ್_ಮೂಡಬಿದ್ರಿ
ಇವತ್ತಿನ ಮೀಟಿಂಗ್ ಉಳಿಯಬೇಕಾದರೆ ಇವತ್ತೇ ಮಾಡಬಹುದಾದದ್ದು ಅದೇ. ನೀವು ಇಂಟರ್ನೆಟ್ ಸರಿ ಮಾಡುವ ತನಕ ಆಕೆ ಕಾಯಬೇಕಾ?

ಪವಾಯಿ_ಹಾಸ್ಟೆಲ್
ಸೆಟ್ಟಿಂಗ್‌ನಲ್ಲಿ ಮಾಡಬಹುದಾದದ್ದೂ ಇದೆ. ಸ್ಯಾಮ್‌ಸಂಗ್ ಇದ್ದರೆ ವೈಫೈಯ ಅಡ್ವಾನ್ಸ್‌ಡ್ ಸೆಟ್ಟಿಂಗ್‌ನಲ್ಲಿ 'ಸ್ವಿಚ್ ಟು ಮೊಬೈಲ್ ಡೇಟಾ' ಇರುತ್ತದೆ, ಅದನ್ನು ಆನ್ ಮಾಡಿ. ಬೇರೆ ಆಂಡ್ರಾಯ್ಡ್‌ನಲ್ಲಿ ಡೆವಲಪರ್ ಆಪ್ಷನ್ಸ್‌ನಲ್ಲಿ 'ಮೊಬೈಲ್ ಡೇಟಾ ಆಲ್ವೇಸ್ ಆಕ್ಟಿವ್' ಆನ್ ಇದೆಯಾ ನೋಡಿ. ಅದು ಆನ್ ಇದ್ದರೆ ವೈಫೈಯಲ್ಲಿದ್ದಾಗಲೂ 4ಜಿ/5ಜಿ ಡೇಟಾ ಸಿದ್ಧವಾಗಿರುತ್ತದೆ, ದಾಟುವುದು ಬೇಗ. ಬ್ಯಾಟರಿ ಸ್ವಲ್ಪ ಹೋಗುತ್ತದೆ. ಐಫೋನ್‌ನಲ್ಲಿ ವೈಫೈ ಅಸಿಸ್ಟ್ (ವೈಫೈ ಕ್ಷೀಣವಾದಾಗ ಮೊಬೈಲ್ ಡೇಟಾ ಬಳಸುವ ಸೆಟ್ಟಿಂಗ್) ಇದೆ, 2015ರಲ್ಲಿ ಐಓಎಸ್ 9ರ ಜೊತೆ ಬಂದದ್ದು.

ಖಾರ್‌ಘರ್_ಕುಂದಾಪ್ರ
ವೈಫೈ ಅಸಿಸ್ಟ್ ಮೀಟಿಂಗ್‌ಗೆ ಖಾತ್ರಿ ಇಲ್ಲ. ಆಡಿಯೊ, ವಿಡಿಯೊ ಸ್ಟ್ರೀಮ್ ಮಾಡುವ ಕೆಲವು ಹೊರಗಿನ ಆಪ್‌ಗಳಿಗೆ ಅದು ಚಾಲೂ ಆಗುವುದಿಲ್ಲ ಅಂತ ಆಪಲ್‌ನವರೇ ಬರೆದಿದ್ದಾರೆ.

ಪವಾಯಿ_ಹಾಸ್ಟೆಲ್
ಹೌದು, ಸರಿ. ಸಫಾರಿ, ಮೇಲ್, ಮ್ಯಾಪ್ಸ್ ಇಂಥವಕ್ಕೆ ಚೆನ್ನಾಗಿದೆ.

ಖಾರ್‌ಘರ್_ಕುಂದಾಪ್ರ
ಇನ್ನೊಂದು ಸುಲಭದ ಉಪಾಯ. ರೂಟರ್‌ನ ವೈಫೈ ಎರಡು ತರಂಗಾಂತರದಲ್ಲಿ ಬರುತ್ತದೆ. ಅದರಲ್ಲಿ 2.4 ಗಿಗಾಹರ್ಟ್ಸ್‌ನ ಪವರ್ ಕಡಿಮೆ ಮಾಡಿ, ಇಲ್ಲವಾದರೆ ಫೋನನ್ನು 5 ಗಿಗಾಹರ್ಟ್ಸ್ (ಇದು 5ಜಿ ಅಲ್ಲ) ಹೆಸರಿಗೆ ಮಾತ್ರ ಸೇರಿಸಿ. 5 ಗಿಗಾಹರ್ಟ್ಸ್ ಗೋಡೆ ದಾಟುವಾಗಲೇ ಸೋಲುತ್ತದೆ. ಲಿಫ್ಟ್ ಹತ್ತಿರವೇ ಫೋನು ಬಿಟ್ಟುಕೊಡುತ್ತದೆ, ಗೇಟ್ ತನಕ ಜೋತು ಬೀಳುವುದಿಲ್ಲ.

ಡೊಂಬಿವಲಿ_ಲೋಕಲ್
ಇದು ಇವತ್ತೇ ಮಾಡುತ್ತೇನೆ. ನಮ್ಮ ರೂಟರ್‌ನಲ್ಲಿ ಎರಡು ಹೆಸರು ಬೇರೆ ಬೇರೆ ಇದೆ.

ಹಿಂಜೆವಾಡಿ_ಬೆಳಗಾವಿ
ನನ್ನ ಸಿಟ್ಟು ಎಲ್ಲಿ ಅಂತ ಹೇಳಿಬಿಡುತ್ತೇನೆ. ಈ ಸಮಸ್ಯೆಗೆ ಉತ್ತರ ಇಲ್ಲ ಅಂತಲ್ಲ. 1996ರಲ್ಲೇ ಮೊಬೈಲ್ ಐಪಿ ಅನ್ನುವ ಮಾನದಂಡ ಬಂತು. ನಿಮಗೆ ಒಂದು ಕಾಯಂ ವಿಳಾಸ. ಊರಲ್ಲಿ ಹೋಮ್ ಏಜೆಂಟ್ ಅನ್ನುವ ಸರ್ವರ್. ನೀವು ಎಲ್ಲಿಗೆ ಹೋದರೂ ಅಲ್ಲಿನ ತಾತ್ಕಾಲಿಕ ವಿಳಾಸ ಅದಕ್ಕೆ ತಿಳಿಸುತ್ತೀರಿ, ಅದು ನಿಮಗೆ ಬಂದದ್ದನ್ನೆಲ್ಲ ಅಲ್ಲಿಗೆ ಕಳಿಸುತ್ತದೆ. ಆದರೆ ಆ ಹೋಮ್ ಏಜೆಂಟ್ ನಡೆಸುವವರು ಯಾರು? ಖರ್ಚು ಯಾರದು? ಪುಣೆಯಲ್ಲಿ ಕೂತು ಪುಣೆಯ ಸರ್ವರ್ ಜೊತೆ ಮಾತಾಡಿದರೂ ಡೇಟಾ ಊರು ಸುತ್ತಿ ಬರಬೇಕು. ಮನೆ ವೈಫೈಯಿಂದ ಮೊಬೈಲ್ ಡೇಟಾಗೆ ದಾಟುವ ಸಾಮಾನ್ಯ ಜನರ ಕೈಗೆ ಅದು ಬರಲಿಲ್ಲ.

ಆಮೇಲೆ 2013ರಲ್ಲಿ ಮಲ್ಟಿಪಾತ್ ಟಿಸಿಪಿ. ಒಂದೇ ಸಂಪರ್ಕ, ಎರಡು ದಾರಿ, ವೈಫೈಯೂ ಮೊಬೈಲೂ ಒಟ್ಟಿಗೆ. ಒಂದು ಹೋದರೆ ಇನ್ನೊಂದು. ಅದೇ ವರ್ಷ ಆಪಲ್ ಸಿರಿಗೆ ಬಳಸಿತು. ಸರ್ವರ್‌ಗಳಲ್ಲಿ ಬಳಸುವ ಲಿನಕ್ಸ್‌ನ ಕರ್ನೆಲ್‌ಗೆ (ತಿರುಳಿಗೆ) 2020ರಲ್ಲಿ, 5.6ನೇ ಆವೃತ್ತಿಯಲ್ಲಿ ಸೇರಿತು. 2021ರಲ್ಲಿ ಕ್ವಿಕ್ ಮಾನದಂಡ ಆಯಿತು. ಎಲ್ಲ ಇದೆ. ಆಪ್ ಮಾಡುವವರು ಬಳಸಬೇಕಷ್ಟೇ. ನಾವು ಆಫೀಸಿನ ಕುರ್ಚಿಯಲ್ಲಿ, ಒಳ್ಳೆಯ ವೈಫೈಯಲ್ಲಿ ಕೂತು ಆಪ್ ಪರೀಕ್ಷಿಸುತ್ತೇವೆ. ಬಳಸುವವರು ಕುರ್ಲಾ ಬ್ರಿಡ್ಜ್ ಮೇಲೆ ನಡೆಯುತ್ತಿರುತ್ತಾರೆ. ಪರೀಕ್ಷೆಯನ್ನೂ ನಡೆಯುತ್ತಲೇ ಮಾಡಬೇಕು ಅಂತ ನಮ್ಮ ಟೀಮ್‌ನಲ್ಲಿ ಹಟ ಹಿಡಿದಿದ್ದೇನೆ.

ಸಾಯನ್_ಶೆಟ್ರು
ಈ ಕ್ವಿಕ್ ಅಂದರೇನು? ಸ್ವಲ್ಪ ನಮಗೂ ತಿಳಿಯುವ ಹಾಗೆ ಹೇಳಿ.

ಪವಾಯಿ_ಹಾಸ್ಟೆಲ್
ಶೆಟ್ರೇ, ಧೋಬಿ ಬಟ್ಟೆಯ ಕಾಲರ್ ಒಳಗೆ ಒಂದು ಗುರುತು ಹಾಕುತ್ತಾನಲ್ಲ? ಯಾವ ಗಂಟಿನಲ್ಲಿ ಬಂದರೂ ಗುರುತು ನೋಡಿದರೆ ಯಾರ ಅಂಗಿ ಅಂತ ಗೊತ್ತಾಗುತ್ತದೆ. ಕ್ವಿಕ್‌ನಲ್ಲಿ ಪ್ರತಿ ಸಂಪರ್ಕಕ್ಕೂ ಹಾಗೆ ಒಂದು ಗುರುತು ಸಂಖ್ಯೆ ಇರುತ್ತದೆ. ಪ್ಯಾಕೆಟ್ (ಡೇಟಾದ ಸಣ್ಣ ತುಂಡು) ವೈಫೈಯಿಂದ ಬಂದರೂ 5ಜಿಯಿಂದ ಬಂದರೂ ಸರ್ವರ್ ನೋಡುವುದು ಈ ಗುರುತನ್ನು, ವಿಳಾಸವನ್ನಲ್ಲ. ಹೊಸ ವಿಳಾಸದಿಂದ ಬಂದರೆ ಒಂದು ಸಣ್ಣ ಪರೀಕ್ಷೆ ಮಾಡಿ, ನಿಜಕ್ಕೂ ಅಲ್ಲೇ ಇದ್ದಾರೆ ಅಂತ ಖಾತ್ರಿ ಮಾಡಿಕೊಂಡು ಮುಂದುವರಿಸುತ್ತದೆ.

ಖಾರ್‌ಘರ್_ಕುಂದಾಪ್ರ
ಹೇಳುವಾಗ ಇಷ್ಟು ಸಲೀಸು. ದೊಡ್ಡ ಸೈಟ್‌ಗಳ ಮುಂದೆ ಲೋಡ್ ಬ್ಯಾಲೆನ್ಸರ್ ಇರುತ್ತದೆ, ಬಂದವರನ್ನು ಹಲವು ಸರ್ವರ್‌ಗಳಿಗೆ ಹಂಚುವುದು ಅದರ ಕೆಲಸ. ಅದು ವಿಳಾಸ ನೋಡಿ ಹಂಚುವಂಥದ್ದಾದರೆ, ಹೊಸ ವಿಳಾಸದಿಂದ ಬಂದ ಪ್ಯಾಕೆಟ್ ಬೇರೆ ಸರ್ವರ್‌ಗೆ ಹೋಗುತ್ತದೆ. ಆ ಸರ್ವರ್‌ಗೆ ನಿಮ್ಮ ಗುರುತೇ ಗೊತ್ತಿಲ್ಲ. ಅದಕ್ಕೇ ಎಷ್ಟೋ ಕಡೆ ಕ್ವಿಕ್ ಇದ್ದೂ ಈ ವಲಸೆ ಸೌಲಭ್ಯ ಆಫ್ ಇರುತ್ತದೆ. ಮತ್ತೆ ವಿಡಿಯೊ ಮೀಟಿಂಗ್‌ಗಳು ಹೆಚ್ಚಾಗಿ ವೆಬ್‌ಆರ್‌ಟಿಸಿ ಅನ್ನುವ ನೇರ ಧ್ವನಿ-ವಿಡಿಯೊ ತಂತ್ರದ ಮೇಲೆ ನಡೆಯುತ್ತವೆ, ಕ್ವಿಕ್ ಮೇಲೆ ಅಲ್ಲ. ಅದರಲ್ಲಿ ದಾರಿ ಬದಲಾದರೆ ಎರಡೂ ಕಡೆ ಹೊಸ ದಾರಿ ಹುಡುಕಿ ಒಪ್ಪಿಕೊಳ್ಳಬೇಕು. ಆ ಮಾತುಕತೆಗೆ ಬಳಸುವ ಇನ್ನೊಂದು ಸಂಪರ್ಕ ಸಾಮಾನ್ಯವಾಗಿ ಟಿಸಿಪಿ ಮೇಲಿರುತ್ತದೆ. ಅದು ಮೊದಲು ಸತ್ತಿರುತ್ತದೆ. ಅದು ಎದ್ದು ಬರುವ ತನಕ ಧ್ವನಿಯೂ ಬರುವುದಿಲ್ಲ. ಕೆಲವು ಆಪ್ ತಾಳ್ಮೆಯಿಂದ ಕಾಯುತ್ತವೆ, ಕೆಲವು ಹೊರಗೆ ಹಾಕುತ್ತವೆ.

ಹಿಂಜೆವಾಡಿ_ಬೆಳಗಾವಿ
ಇದನ್ನು ಒಪ್ಪುತ್ತೇನೆ. ಆದರೂ ಹೊರಗೆ ಹಾಕುವುದು ಆಪ್ ಬರೆದವರ ಆಯ್ಕೆ. ಅರ್ಧ ನಿಮಿಷ ಕಾಯಲು ಏನು ಕಷ್ಟ?

ಕಾರವಾರ_ಮಡಗಾಂವ್
ನೀವೆಲ್ಲ ಗೇಟ್ ವಿಷಯ ಮಾತಾಡುತ್ತಿದ್ದೀರಿ. ಕೊಂಕಣ ರೈಲ್ವೆಗೆ ಬನ್ನಿ. ಮತ್ಸ್ಯಗಂಧ ರೈಲಿನಲ್ಲಿ ಮುಂಬೈನ ಎಲ್‌ಟಿಟಿಯಿಂದ ಕೂತರೆ ರತ್ನಾಗಿರಿ ಆಚೆಈಚೆ ಫೋನು ಕೈಯಲ್ಲಿ ಇದ್ದೂ ಇಲ್ಲದ ಹಾಗೆ. ಕರ್ಬುಡೆ ಸುರಂಗ ಒಂದೇ 6.5 ಕಿ.ಮೀ. ರೈಲಿನ ವೇಗಕ್ಕೆ ಟವರ್ ಹಿಡಿಯುವುದಿಲ್ಲ ಅಂತ ನಮ್ಮ ಕಡೆ ಹೇಳುತ್ತಾರೆ.

ಠಾಣೆ_ಟವರ್
ವೇಗ ಕಾರಣ ಅಲ್ಲ. 4ಜಿಯನ್ನು ಗಂಟೆಗೆ 350 ಕಿ.ಮೀ. ವೇಗಕ್ಕೂ ಹೊಂದುವಂತೆ ರೂಪಿಸಿದ್ದಾರೆ. ಪುಣೆ ದಾರಿಯ ಬೋರ್ ಘಾಟ್ ನೋಡಿ. ಏರು 37ಕ್ಕೆ 1. ಕರ್ಜತ್‌ನಲ್ಲಿ ಹಿಂದೆ ಇಂಜಿನ್ ಸೇರಿಸಿ ತಳ್ಳಿಸಿಕೊಂಡು ರೈಲು ನಿಧಾನ ಹತ್ತುತ್ತದೆ. ಅಲ್ಲೇ ತಾನೇ ಡೊಂಬಿವಲಿ ಅಕ್ಕನ ವಿಪಿಎನ್ ಹೋಗುವುದು? ಅಲ್ಲಿ ಕಾರಣ ಬೆಟ್ಟ. ಟವರ್‌ಗೂ ಬೋಗಿಗೂ ನಡುವೆ ಬಂಡೆ ಬರುತ್ತದೆ. ಹ್ಯಾಂಡೋವರ್ ಆಗಬೇಕಾದರೆ ಮುಂದಿನ ಟವರ್ ಕಾಣುವಾಗ ಹಿಂದಿನದೂ ಇನ್ನೂ ಕಾಣುತ್ತಿರಬೇಕು. ಸುರಂಗದ ಬಾಯಿಯಲ್ಲಿ ಹಿಂದಿನದು ಒಮ್ಮೆಲೇ ಹೋಗುತ್ತದೆ. ವರದಿ ಕಳಿಸಲೂ ಸಮಯ ಇರುವುದಿಲ್ಲ. ಎಸಿ ಬೋಗಿಯಾದರೆ ಲೋಹದ ಗೋಡೆ, ಮುಚ್ಚಿದ ಕಿಟಕಿ, ಸಿಗ್ನಲ್ ಇನ್ನೂ ಕ್ಷೀಣ.

ಸುರಂಗದ ಒಳಗೆ ಸಿಗ್ನಲ್ ಬೇಕಾದರೆ ಗೋಡೆಯುದ್ದಕ್ಕೂ ಲೀಕಿ ಕೇಬಲ್ ಎಳೆಯಬೇಕು. ಅದರ ಹೊರಕವಚದಲ್ಲಿ ಬೇಕೆಂದೇ ಸೀಳು ಬಿಟ್ಟಿರುತ್ತಾರೆ, ಉದ್ದಕ್ಕೂ ಸ್ವಲ್ಪ ಸ್ವಲ್ಪ ಸಿಗ್ನಲ್ ಸೋರುತ್ತಾ ಹೋಗುತ್ತದೆ. ನೆಲದಡಿ ಮೆಟ್ರೋಗಳಿಗೆ ಇದು ಬಳಕೆಯಲ್ಲಿರುವ ಉಪಾಯ.

ಡೊಂಬಿವಲಿ_ಲೋಕಲ್
ಸುರಂಗದಲ್ಲಿ ಇಲ್ಲದಿದ್ದರೆ ಬೇಡ. ಹೊರಗೆ ಬಂದ ಮೇಲೆ, ಸಿಗ್ನಲ್ ಪೂರ್ತಿ ಇದ್ದಾಗಲೂ ಪೇಜ್ ತೆರೆಯುವುದಿಲ್ಲ, ಸುತ್ತುತ್ತಲೇ ಇರುತ್ತದೆ. ಅದು ಯಾಕೆ?

ಹಿಂಜೆವಾಡಿ_ಬೆಳಗಾವಿ
ಇದು ನನಗೆ ಇಷ್ಟವಾದ ಪ್ರಶ್ನೆ! ಇಲ್ಲಿ ವಿಳಾಸ ಬದಲಾಗಿರುವುದಿಲ್ಲ. 4ಜಿಯಲ್ಲಿ ಫೋನು ಕೆಲವು ನಿಮಿಷ ಕಾಣೆಯಾದರೂ ನೆಟ್‌ವರ್ಕ್ ವಿಳಾಸ ಕಿತ್ತುಕೊಳ್ಳುವುದಿಲ್ಲ. ಫೋನು ಆಗಾಗ 'ಇದ್ದೇನೆ' ಅಂತ ಹೇಳುವ ಅವಧಿಯೇ ಮಾನದಂಡದ ಪ್ರಕಾರ 54 ನಿಮಿಷ.

ತೊಂದರೆ ಟಿಸಿಪಿಯ ಸಂಯಮದ್ದು. ಕಳಿಸಿದ್ದಕ್ಕೆ ಉತ್ತರ ಬರದಿದ್ದರೆ ಅದು 1 ಸೆಕೆಂಡ್ ಕಾದು ಮತ್ತೆ ಕಳಿಸುತ್ತದೆ. ಆಮೇಲೆ 2, ಆಮೇಲೆ 4, 8, 16, ಹೀಗೆ ಕಾಯುವ ಹೊತ್ತು ದುಪ್ಪಟ್ಟಾಗುತ್ತಾ ಹೋಗುತ್ತದೆ. ದಟ್ಟಣೆಯಲ್ಲಿ ನೆಟ್‌ವರ್ಕ್ ಕುಸಿಯಬಾರದು ಅಂತ ಹಾಗೆ ಮಾಡಿದ್ದಾರೆ. ಆದರೆ ನೀವು ಸುರಂಗದಿಂದ ಹೊರಗೆ ಬಂದಾಗ ಆ ಕಡೆಯ ಸರ್ವರ್ ಅರ್ಧ ನಿಮಿಷದ ಕಾಯುವಿಕೆಯ ಮಧ್ಯೆ ಇರಬಹುದು. ಸಿಗ್ನಲ್ ಬಂದದ್ದು ಅದಕ್ಕೆ ಗೊತ್ತಿಲ್ಲ. ಆಗ ಪೇಜ್ ನಿಲ್ಲಿಸಿ ಮತ್ತೆ ತೆರೆಯಿರಿ, ಹೊಸ ಸಂಪರ್ಕ ಕೂಡಲೇ ಆಗುತ್ತದೆ.

ಕಾರವಾರ_ಮಡಗಾಂವ್
ಅಬ್ಬಾ, ಇದು ಗೊತ್ತಿರಲಿಲ್ಲ. ವಿಮಾನ ಮೋಡ್ ಹಾಕಿ ತೆಗೆದರೆ ಸರಿಹೋಗುತ್ತಿತ್ತು, ಅದಕ್ಕೂ ಇದೇ ಕಾರಣ ಇರಬೇಕು.

ಪವಾಯಿ_ಹಾಸ್ಟೆಲ್
ಹೌದು, ವಿಮಾನ ಮೋಡ್ ಹಳೇ ಸಂಪರ್ಕವನ್ನೆಲ್ಲ ಮುರಿಯುತ್ತದೆ. ಅಂದಹಾಗೆ ಎಸ್‌ಎಸ್‌ಎಚ್‌ನಿಂದ ದೂರದ ಸರ್ವರ್‌ಗೆ ಲಾಗಿನ್ ಆಗಿ ಕೆಲಸ ಮಾಡುವವರು ಅದರ ಬದಲು ಮೋಶ್ ಬಳಸಿ. 2012ರಲ್ಲಿ ಎಂಐಟಿಯಿಂದ ಬಂದದ್ದು. ಟಿಸಿಪಿ ಮೇಲಲ್ಲ, ಸಂಪರ್ಕ ಕಟ್ಟಿಕೊಳ್ಳದೇ ಪ್ಯಾಕೆಟ್ ಕಳಿಸುವ ಯುಡಿಪಿ ಮೇಲೆ ನಡೆಯುತ್ತದೆ. ಲ್ಯಾಪ್‌ಟಾಪ್ ಮುಚ್ಚಿ ಪವಾಯಿಯಿಂದ ಪುಣೆಗೆ ಹೋಗಿ ತೆರೆದರೂ ಅದೇ ಸಾಲಿನಲ್ಲಿ ಕರ್ಸರ್ ಮಿನುಗುತ್ತಿರುತ್ತದೆ.

ಖಾರ್‌ಘರ್_ಕುಂದಾಪ್ರ
ಡೊಂಬಿವಲಿಯವರ ವಿಪಿಎನ್‌ಗೂ ಉತ್ತರ ಇದೆ. ನಿಮ್ಮ ಐಟಿಯವರನ್ನು ಒಂದು ಮಾತು ಕೇಳಿ: ವಿಪಿಎನ್ ಐಕೆಇವಿ2 ಅನ್ನುವ ಬಗೆಯದಾಗಿದ್ದರೆ ಅದರಲ್ಲಿ ಮೊಬೈಕ್ ಅನ್ನುವ ಸೌಲಭ್ಯ ಆನ್ ಇದೆಯಾ? 2006ರ ಮಾನದಂಡ ಅದು. ವಿಳಾಸ ಬದಲಾದರೆ ವಿಪಿಎನ್‌ನ ಸುರಂಗವನ್ನು ಹೊಸ ವಿಳಾಸಕ್ಕೆ ಸಾಗಿಸುತ್ತದೆ, ಮತ್ತೆ ಲಾಗಿನ್ ಬೇಕಿಲ್ಲ. ವೈರ್‌ಗಾರ್ಡ್ ಅನ್ನುವ ಇನ್ನೊಂದು ಬಗೆಯ ವಿಪಿಎನ್ ಆದರೆ ಇದು ಹುಟ್ಟುಗುಣ. ಕೊನೆಯದಾಗಿ ಸರಿಯಾದ ಕೀಲಿಯಿಂದ ಯಾವ ವಿಳಾಸದಿಂದ ಪ್ಯಾಕೆಟ್ ಬಂತೋ ಅಲ್ಲಿಗೇ ಉತ್ತರ ಕಳಿಸುತ್ತದೆ. ಬೇರೆ ಬಗೆಯದಾದರೆ, ಸಂಪರ್ಕ ಹೋದ ಮೇಲೆ ಎಷ್ಟು ನಿಮಿಷ ಲಾಗಿನ್ ಇಟ್ಟುಕೊಳ್ಳಬೇಕು ಅನ್ನುವ ಸೆಟ್ಟಿಂಗ್ ಅವರ ಕೈಯಲ್ಲೇ ಇರುತ್ತದೆ. ಫೋನ್ ಬದಲಿಸಿ ಅಂತ ಹೇಳುವ ಮುಂಚೆ ಅದನ್ನು ನೋಡಬೇಕಿತ್ತು.

ಮತ್ತೆ ಲ್ಯಾಪ್‌ಟಾಪ್‌ನಲ್ಲಿ ವಿಪಿಎನ್ ಇದ್ದರೆ ಮೀಟಿಂಗ್ ಕೂಡ ಅದರ ಒಳಗೇ ಹೋಗಲಿ. ಒಳಗಿನ ವಿಳಾಸ ಬದಲಾಗದ ಕಾರಣ ಮೀಟಿಂಗ್‌ಗೆ ದಾಟಿದ್ದೇ ತಿಳಿಯುವುದಿಲ್ಲ.

ಡೊಂಬಿವಲಿ_ಲೋಕಲ್
ಈ ಮೊಬೈಕ್ ಪ್ರಶ್ನೆಯನ್ನು ಇವತ್ತೇ ಮೇಲ್ ಮಾಡಿ ಕೇಳುತ್ತೇನೆ.

ಪೋಂಡಾ_ಧಾರವಾಡ
ಗಡಿ ವಿಷಯ ಯಾರೂ ಹೇಳಲಿಲ್ಲ. ಮುಂಬೈ, ನವಿ ಮುಂಬೈ, ಕಲ್ಯಾಣ ಒಂದು ಟೆಲಿಕಾಂ ಸರ್ಕಲ್ (ಆಪರೇಟರ್‌ಗಳಿಗೆ ಪರವಾನಗಿ ಕೊಡುವ ಪ್ರದೇಶ). ಪುಣೆ ಮತ್ತು ಗೋವಾ 'ಮಹಾರಾಷ್ಟ್ರ ಮತ್ತು ಗೋವಾ' ಅನ್ನುವ ಇನ್ನೊಂದು ಸರ್ಕಲ್. ಗೋವಾದ ಪೋಳೆಂ ದಾಟಿ ಮಾಜಾಳಿಗೆ ಬಂದರೆ ಕರ್ನಾಟಕ. ಎಷ್ಟೋ ಆಪರೇಟರ್‌ಗಳಿಗೆ ಸರ್ಕಲ್‌ಗೊಂದು ನೆಟ್‌ವರ್ಕ್ ಸಂಖ್ಯೆ ಇರುತ್ತದೆ, ಹಾಗಾಗಿ ಫೋನು ಇದನ್ನು ರೋಮಿಂಗ್ ಅಂದುಕೊಳ್ಳಬಹುದು. ಕೆಲವು ಫೋನುಗಳಲ್ಲಿ ಡೇಟಾ ರೋಮಿಂಗ್ ಆಫ್ ಇದ್ದರೆ ಇಂಟರ್ನೆಟ್ ಅಲ್ಲೇ ನಿಲ್ಲುತ್ತದೆ. ದೇಶದೊಳಗೆ ಆನ್ ಇಟ್ಟುಕೊಳ್ಳಿ.

ಕಾರವಾರ_ಮಡಗಾಂವ್
ನಿಜ. ನಮ್ಮ ಬಸ್ಸಿನಲ್ಲಿ ಗಡಿ ದಾಟಿದಾಗ ಅರ್ಧ ಜನ ಫೋನು ಅಲ್ಲಾಡಿಸುವುದು ಇದಕ್ಕೇ.

ಸಾಯನ್_ಶೆಟ್ರು
ಕಾಲ್ ಕಟ್ ಆದರೆ ದುಡ್ಡು ವಾಪಸ್ ಕೊಡಬೇಕು ಅಂತ ಒಂದು ನಿಯಮ ಇತ್ತಲ್ಲ? ಅದು ಎಲ್ಲಿ ಹೋಯಿತು?

ಮುಲುಂಡ್_ಮೂಡಬಿದ್ರಿ
2015ರಲ್ಲಿ ಟೆಲಿಕಾಂ ನಿಯಂತ್ರಕ ಟ್ರಾಯ್ ತಂದಿತ್ತು. ಒಂದು ಕಾಲ್ ಕಟ್‌ಗೆ 1 ರೂಪಾಯಿ, ದಿನಕ್ಕೆ ಮೂರರ ತನಕ. 2016ರ ಮೇನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು.

ಸಾಯನ್_ಶೆಟ್ರು
ಇರಬೇಕಿತ್ತು. ದಂಡ ಇದ್ದರೆ ಟವರ್ ತಾನಾಗಿ ಏಳುತ್ತದೆ.

ಠಾಣೆ_ಟವರ್
ಟವರ್ ಏಳಲು ಜಾಗ ಬೇಕು ಶೆಟ್ರೇ. ಸೊಸೈಟಿಯ ಟೆರೇಸ್ ಮೇಲೆ ಟವರ್ ಬೇಡ ಅಂತ ಗಲಾಟೆ ಮಾಡುವವರೂ ನಾವೇ, ಕೆಳಗೆ ಬಂದು ಸಿಗ್ನಲ್ ಇಲ್ಲ ಅನ್ನುವವರೂ ನಾವೇ.

ನಿರ್ವಾಹಕ
ಟವರ್ ಮತ್ತು ವಿಕಿರಣದ ವಾದ ಇಲ್ಲಿ ಬೇಡ, ಅದಕ್ಕೆ ಬೇರೆ ಎಳೆ ಇದೆ. ಇಲ್ಲಿ ದಾಟುವಿಕೆ ಬಗ್ಗೆ ಮಾತ್ರ.

ಚಿಂಚ್‌ವಡ್_ಅಜ್ಜಿ
ನನ್ನ ಪ್ರಶ್ನೆ ದಾಟುವಿಕೆ ಬಗ್ಗೆಯೇ. ಬಿಲ್ಡಿಂಗ್ ಕೆಳಗೆ ತರಕಾರಿ ಗಾಡಿಯವನಿಗೆ ಫೋನಿನಿಂದ ದುಡ್ಡು ಕಳಿಸುತ್ತೇನೆ. ಮನೆ ವೈಫೈ ಅಲ್ಲಿಗೆ ಅರ್ಧಂಬರ್ಧ ಬರುತ್ತದೆ. ಪಿನ್ ಹಾಕಿದ ಮೇಲೆ ಚಕ್ರ ತಿರುಗುತ್ತದೆ, 'ಪೆಂಡಿಂಗ್' ಅಂತ ಬರುತ್ತದೆ. ಅವನು ಬಂದಿಲ್ಲ ಅಂತಾನೆ, ನನ್ನ ಖಾತೆಯಿಂದ ಹೋಗಿರುತ್ತದೆ. ಮತ್ತೆ ಕಳಿಸಬೇಕಾ?

ಹಿಂಜೆವಾಡಿ_ಬೆಳಗಾವಿ
ಬೇಡ ಅಜ್ಜಿ, ಕೂಡಲೇ ಮತ್ತೆ ಕಳಿಸಬೇಡಿ. ನಿಮ್ಮ ಫೋನಿನಿಂದ ಕೋರಿಕೆ ಹೋಗಿರುತ್ತದೆ, ಉತ್ತರ ಬರುವಷ್ಟರಲ್ಲಿ ಫೋನು ನೆಟ್‌ವರ್ಕ್ ಬದಲಿಸಿರುತ್ತದೆ. ಬ್ಯಾಂಕುಗಳ ನಡುವಿನ ಕೆಲಸ ನಿಮ್ಮ ವೈಫೈಗಾಗಿ ನಿಲ್ಲುವುದಿಲ್ಲ. ಆಪ್‌ನ ಹಿಸ್ಟರಿಯಲ್ಲಿ ಸ್ಥಿತಿ ನೋಡಿ, ಬ್ಯಾಂಕಿನ ಎಸ್‌ಎಂಎಸ್ ನೋಡಿ. ಹಣ ಕಡಿತವಾಗಿ ಆ ಕಡೆ ಮುಟ್ಟದಿದ್ದರೆ ವಾಪಸ್ ಮಾಡಲು ರಿಸರ್ವ್ ಬ್ಯಾಂಕ್ 2019ರಲ್ಲೇ ಗಡುವು ಹಾಕಿದೆ. ವ್ಯಕ್ತಿಗೆ ಕಳಿಸಿದ್ದಾದರೆ ಮರುದಿನದೊಳಗೆ, ಅಂಗಡಿಗೆ ಕೊಟ್ಟಿದ್ದಾದರೆ 5 ದಿನದೊಳಗೆ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ.

ಮುಲುಂಡ್_ಮೂಡಬಿದ್ರಿ
ಮತ್ತೆ ಕೆಳಗೆ ಹೋಗುವಾಗ ವೈಫೈ ಆಫ್ ಮಾಡಿ ಅಜ್ಜಿ!

ಚಿಂಚ್‌ವಡ್_ಅಜ್ಜಿ
ಅದನ್ನು ಮಾಡುತ್ತೇನಪ್ಪ. ಎಲ್ಲಿ ಒತ್ತಬೇಕು ಅಂತ ಮೊಮ್ಮಗ ತೋರಿಸಿದ್ದಾನೆ. ದೇವರು ಒಳ್ಳೆಯದು ಮಾಡಲಿ.

ಸಾಯನ್_ಶೆಟ್ರು
ಸ್ಟೇಷನ್‌ನಲ್ಲಿ ಇನ್ನೊಂದು ಕಾಟ. ರೈಲು ನಿಂತಾಗ ಫೋನು ತಾನಾಗಿ ಸ್ಟೇಷನ್ ವೈಫೈ ಹಿಡಿಯುತ್ತದೆ, ಹೊರಟಾಗ ಬಿಡುತ್ತದೆ.

ಪವಾಯಿ_ಹಾಸ್ಟೆಲ್
ಒಮ್ಮೆ ಓಟಿಪಿ ಹಾಕಿದ್ದರೆ ಹಾಗಾಗುತ್ತದೆ. ಲಾಗಿನ್ ಪುಟ ಬಾಕಿ ಇದ್ದರೆ ಈಗಿನ ಫೋನುಗಳು ಮೊಬೈಲ್ ಡೇಟಾ ಬಿಡುವುದಿಲ್ಲ. ಲಾಗಿನ್ ಇನ್ನೂ ಜೀವಂತ ಇದ್ದರೆ ಪ್ರತಿ ಸ್ಟೇಷನ್‌ನಲ್ಲೂ ಜಿಗಿಯುತ್ತದೆ. ಆ ವೈಫೈಗೆ 'ಆಟೋ ಕನೆಕ್ಟ್' ಆಫ್ ಮಾಡಿ. 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಲ್ಲಿ ಗೂಗಲ್ ಮತ್ತು ರೈಲ್‌ಟೆಲ್ ಸೇರಿ ಉಚಿತ ವೈಫೈ ಶುರು ಮಾಡಿದಾಗ ಡೇಟಾ ದುಬಾರಿ ಇತ್ತು, ಅದು ವರವಾಗಿತ್ತು. ಈಗ ಓಡುವ ರೈಲಿನವರಿಗೆ ಅದರ ಅಗತ್ಯ ಕಡಿಮೆ.

ನಮ್ಮ ಕ್ಯಾಂಪಸ್‌ನಲ್ಲಿ ಎಡುರೋಮ್ ಅನ್ನುವ ವಿದ್ಯಾಸಂಸ್ಥೆಗಳ ವೈಫೈ ಇದೆ. ಅದು ಇರುವ ಬೇರೆ ಸಂಸ್ಥೆಗೆ ಹೋದರೂ ನಮ್ಮದೇ ಲಾಗಿನ್‌ನಿಂದ ತಾನಾಗಿ ಸೇರುತ್ತದೆ. ಹಾಗೆ ಊರಿನ ಎಲ್ಲ ವೈಫೈಗೂ ಇದ್ದರೆ ಎಷ್ಟು ಚೆನ್ನ.

ಖಾರ್‌ಘರ್_ಕುಂದಾಪ್ರ
ಅದು ಲಾಗಿನ್ ಉಳಿಸುತ್ತದೆ, ಸಂಪರ್ಕ ಉಳಿಸುವುದಿಲ್ಲ. ವಿಳಾಸ ಅಲ್ಲೂ ಹೊಸದೇ.

ಮಾಟುಂಗಾ_ಹೋಟೆಲ್
ನಮ್ಮ ಸಮಸ್ಯೆ ಒಂದು ಕಟ್ಟಡದ ಒಳಗಿನದು. ಕೆಳಗೆ ಮಾಮೂಲಿ ಹಾಲ್, ಮೇಲೆ ಎಸಿ ಹಾಲ್. ಮಾಣಿಗಳ ಕೈಯಲ್ಲಿ ಟ್ಯಾಬ್ಲೆಟ್. ಮೆಟ್ಟಿಲು ಹತ್ತುವಾಗ ಆರ್ಡರ್ ಒತ್ತಿದರೆ ಕೆಲವು ಸಲ ಹೋಗುವುದಿಲ್ಲ. ಹೋಗಿಲ್ಲ ಅಂತ ಮತ್ತೆ ಒತ್ತಿದರೆ ಅಡುಗೆಮನೆಯಲ್ಲಿ ಎರಡು ಕೆಓಟಿ (ಅಡುಗೆಯವರಿಗೆ ಹೋಗುವ ಆರ್ಡರ್ ಚೀಟಿ) ಬರುತ್ತದೆ. ಎರಡು ಮಸಾಲೆ ದೋಸೆಗೆ ನಾಲ್ಕು ಆಗುತ್ತದೆ. ಕೆಳಗಿನ ವೈಫೈಗೆ ಒಂದು ಹೆಸರು, ಮೇಲೆ ಹಾಕಿದ ಎಕ್ಸ್‌ಟೆಂಡರ್‌ಗೆ (ವೈಫೈಯನ್ನು ಹಿಡಿದು ಮುಂದಕ್ಕೆ ಕಳಿಸುವ ಪೆಟ್ಟಿಗೆ) ಇನ್ನೊಂದು ಹೆಸರು.

ವೆರ್ಣಾ_ಗೋದಾಮು
ಅಣ್ಣ, ನಮ್ಮ ಗೋದಾಮಿನ ಬಾರ್‌ಕೋಡ್ ಸ್ಕ್ಯಾನರ್‌ಗಳಲ್ಲಿ ಇದನ್ನೇ ಸರಿ ಮಾಡಿದೆವು, ನೇರ ಹೇಳುತ್ತೇನೆ. ಎಕ್ಸ್‌ಟೆಂಡರ್ ತೆಗೆಯಿರಿ. ಮೇಲೆ ಕೇಬಲ್ ಎಳೆದು ಒಂದು ಆಕ್ಸೆಸ್ ಪಾಯಿಂಟ್ (ಕೇಬಲ್‌ನಿಂದ ಬಂದದ್ದನ್ನು ವೈಫೈ ಮಾಡುವ ಪೆಟ್ಟಿಗೆ) ಹಾಕಿಸಿ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಚಾನೆಲ್ ಮಾತ್ರ ಬೇರೆ. ಹೆಸರು ಬೇರೆ ಇದ್ದರೆ ಟ್ಯಾಬ್ಲೆಟ್ ಹಳೆಯದನ್ನು ಪೂರ್ತಿ ಸಾಯುವ ತನಕ ಬಿಡುವುದಿಲ್ಲ. ಎರಡೂ ಒಂದೇ ಸಬ್‌ನೆಟ್‌ನಲ್ಲಿ (ಒಂದೇ ವಿಳಾಸಗಳ ಗುಂಪಿನಲ್ಲಿ) ಇರಲಿ, ಐಪಿ ವಿಳಾಸ ಬದಲಾಗಬಾರದು.

ಪವರ್ ಜಾಸ್ತಿ ಇಟ್ಟರೆ ಒಳ್ಳೆಯದು ಅಂತ ಇನ್‌ಸ್ಟಾಲ್ ಮಾಡುವವರು ಹೇಳುತ್ತಾರೆ. ಬೇಡ. ಕೆಳಗಿನದರ ದನಿ ಮೇಲಿನ ತನಕ ಜೋರಾಗಿ ಕೇಳಿದರೆ ಟ್ಯಾಬ್ಲೆಟ್ ಅದಕ್ಕೇ ಅಂಟಿಕೊಂಡಿರುತ್ತದೆ. ಐಪ್ಯಾಡ್ ಆದರೆ ಸಿಗ್ನಲ್ ಮೈನಸ್ 70 ಡಿಬಿಎಂ (ಸಿಗ್ನಲ್ ಬಲದ ಅಳತೆ) ಕೆಳಗೆ ಹೋದ ಮೇಲೇ ಬೇರೆಯದನ್ನು ಹುಡುಕುವುದು. ಹುಡುಕಿದರೂ, ಕೆಲಸ ನಡೆಯುತ್ತಿರುವಾಗ ಹೊಸದು 8 ಡೆಸಿಬೆಲ್ ಜಾಸ್ತಿ ಇದ್ದರೆ ಮಾತ್ರ ಹೋಗುತ್ತದೆ. ಅದಕ್ಕೇ ಎರಡರ ಪವರ್ ಇಳಿಸಿ, ಮೆಟ್ಟಿಲಿನ ಮಧ್ಯದಲ್ಲಿ ಬದಲಾಗುವ ಹಾಗೆ ಹೊಂದಿಸಿ. ಆಕ್ಸೆಸ್ ಪಾಯಿಂಟ್‌ನಲ್ಲಿ 802.11ಆರ್, ಕೆ, ವಿ (ಒಂದರಿಂದ ಇನ್ನೊಂದಕ್ಕೆ ಬೇಗ ದಾಟಲು ನೆರವಾಗುವ ವೈಫೈ ಮಾನದಂಡಗಳು) ಇದ್ದರೆ ಆನ್ ಮಾಡಿ. ಆರ್ ಇದ್ದರೆ ಮತ್ತೆ ಪೂರ್ತಿ ದೃಢೀಕರಣ ಬೇಡ. ಹಳೇ ಟ್ಯಾಬ್ಲೆಟ್‌ಗಳಲ್ಲಿ ಆರ್ ಕಿರಿಕಿರಿ ಮಾಡಬಹುದು, ಮೊದಲು ಒಂದರಲ್ಲಿ ನೋಡಿ.

ಹಿಂಜೆವಾಡಿ_ಬೆಳಗಾವಿ
ಎರಡು ಕೆಓಟಿ ಬರುವುದು ವೈಫೈ ದೋಷ ಅಲ್ಲ ಅಣ್ಣ, ಆಪ್ ದೋಷ. ವೈಫೈ ಎಷ್ಟೇ ಸರಿ ಮಾಡಿದರೂ ಒಂದಲ್ಲ ಒಂದು ದಿನ ತುಂಡಾಗುತ್ತದೆ. ಮಾಣಿ ಆರ್ಡರ್ ಒತ್ತಿದಾಗ ಟ್ಯಾಬ್ಲೆಟ್ ಆ ಆರ್ಡರ್‌ಗೆ ಒಂದು ವಿಶಿಷ್ಟ ಸಂಖ್ಯೆ ಕೊಡಬೇಕು. ಮತ್ತೆ ಕಳಿಸಿದರೂ ಅದೇ ಸಂಖ್ಯೆ ಹೋಗಬೇಕು. ಸರ್ವರ್ 'ಇದು ಬಂದಾಗಿದೆ' ಅಂತ ತಿಳಿದು ಎರಡನೆಯದನ್ನು ಬಿಡಬೇಕು. ಸಂಪರ್ಕ ಇಲ್ಲದಾಗ ಆರ್ಡರ್ ಟ್ಯಾಬ್ಲೆಟ್‌ನಲ್ಲೇ ಸಾಲಿನಲ್ಲಿ ನಿಂತು, ಬಂದಾಗ ತಾನಾಗಿ ಹೋಗಬೇಕು. ಮಾಣಿ ಎರಡನೇ ಸಲ ಒತ್ತುವ ಪ್ರಮೇಯವೇ ಬರಬಾರದು. ಊಟದ ಹೊತ್ತಿನ ರಶ್‌ನಲ್ಲಿ ಬೈಸಿಕೊಳ್ಳುವವನು ಆ ಹುಡುಗ, ಅದು ನ್ಯಾಯವಲ್ಲ. ಸಾಫ್ಟ್‌ವೇರ್ ಕೊಟ್ಟವರನ್ನು ಇದನ್ನೇ ಕೇಳಿ.

ಮಾಟುಂಗಾ_ಹೋಟೆಲ್
ಬರೆದುಕೊಂಡೆ. ಇವತ್ತು ಸಂಜೆ ಅವರು ಬರುತ್ತಾರೆ. ಹುಡುಗರಿಗೆ ಗಲ್ಲಾದಿಂದ ಬೈಯುವುದು ನಿಲ್ಲಿಸಬೇಕು ಅಂತ ನನಗೂ ಇದೆ. ಅಡುಗೆಮನೆಯ ಕೆಓಟಿ ಪ್ರಿಂಟರ್ ಕೂಡ ವೈಫೈ ಮೇಲೇ ಇದೆ. ಅದನ್ನು ಹಾಗೇ ಬಿಡಬಹುದಾ?

ವೆರ್ಣಾ_ಗೋದಾಮು
ಪ್ರಿಂಟರ್‌ಗೆ ಕೇಬಲ್ ಹಾಕಿಸಿ. ಅದು ಎಲ್ಲಿಗೂ ಹೋಗುವುದಿಲ್ಲವಲ್ಲ. ಅಡುಗೆಮನೆಯಲ್ಲಿ ಮೈಕ್ರೊವೇವ್ ಇದ್ದರೆ ಅದೂ 2.4 ಗಿಗಾಹರ್ಟ್ಸ್ ಹತ್ತಿರವೇ ಕೆಲಸ ಮಾಡುತ್ತದೆ, ಚಾಲೂ ಇದ್ದಾಗ ವೈಫೈ ಕೆಡಿಸುತ್ತದೆ. ಟ್ಯಾಬ್ಲೆಟ್‌ಗಳನ್ನು 5 ಗಿಗಾಹರ್ಟ್ಸ್‌ಗೆ ಹಾಕಿ. ಮೆಟ್ಟಿಲಿನಲ್ಲಿ ಸಿಗ್ನಲ್ ಎಷ್ಟು ಅಂತ ಅಳೆದು ಇಲ್ಲೇ ಹಾಕಿದರೆ ಪವರ್ ಎಷ್ಟು ಇಡಬೇಕು ಅಂತ ಹೇಳುತ್ತೇನೆ.